ಮಾಲೀಕರೇ ವಿಮಾನ ಹಾರಿಸುವಾಗ ಕ್ಯಾಪ್ಟನ್ ಯಾರು?

ಪ್ರಶ್ನೆ: ನನ್ನ ಬಳಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದೆ. ಕೆಲವು ವರ್ಷಗಳಿಂದ ಫ್ಲೈಯಿಂಗ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಈಗ ಉದ್ಯಮಿಯೊಬ್ಬರು ತಮ್ಮ ಸ್ವಂತ ಸಣ್ಣ ಜೆಟ್‌ಗೆ ಪೈಲಟ್ ಆಗಿ ಬನ್ನಿ ಎಂದು ಕರೆದಿದ್ದಾರೆ. ಅದು ಒಬ್ಬರೇ ಪೈಲಟ್ ಹಾರಿಸಬಹುದಾದ ವಿಮಾನ. ಅವರಿಗೂ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. "ಎಡಗಡೆ ಸೀಟಿನಲ್ಲಿ ನಾನಿರ್ತೀನಿ, ನೀವು ಪಕ್ಕದಲ್ಲಿರಿ. ನನಗೆ ಬೇರೆ ಕೆಲಸ ಇದ್ದಾಗ ನೀವೊಬ್ಬರೇ ತಗೊಂಡು ಹೋಗಿ" ಅಂತಾರೆ. ಮನುಷ್ಯ ತುಂಬಾ ಒಳ್ಳೆಯವರು. ಒಮ್ಮೆ ಜೊತೆಗೆ ಹೋಗಿದ್ದೆ. ಲ್ಯಾಂಡಿಂಗ್‌ಗೆ ಬರುವಾಗ ಸ್ಪೀಡ್ ಜಾಸ್ತಿ ಇತ್ತು. ಹೇಳಲೋ ಬೇಡವೋ ಅಂದುಕೊಂಡು ಸುಮ್ಮನಿದ್ದೆ, ಏನೂ ಆಗಲಿಲ್ಲ. ಸರ್, ಇಂಥ ಹಾರಾಟದಲ್ಲಿ ಕ್ಯಾಪ್ಟನ್ ಯಾರು? ಏನಾದರೂ ಆದರೆ ಹೊಣೆ ಯಾರದ್ದು? ಈ ಗಂಟೆಗಳು ಲಾಗ್‌ಬುಕ್‌ನಲ್ಲಿ ಲೆಕ್ಕಕ್ಕೆ ಬರುತ್ತವಾ? ಗೆಳೆಯರೆಲ್ಲ "ಅದು ಡ್ರೈವರ್ ಕೆಲಸ, ಏರ್‌ಲೈನ್‌ಗೆ ಕಾಯಿ" ಅಂತಿದ್ದಾರೆ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲು. "ಸ್ಪೀಡ್ ಜಾಸ್ತಿ ಇತ್ತು, ಸುಮ್ಮನಿದ್ದೆ." ಪಕ್ಕದಲ್ಲಿ ನಿಮ್ಮ ವಿದ್ಯಾರ್ಥಿ ಇದ್ದಿದ್ದರೆ ಸುಮ್ಮನಿರುತ್ತಿದ್ದಿರಾ? ಖಂಡಿತ ಇಲ್ಲ. ನೋಡುವ ಕಣ್ಣು ಅದೇ, ಅನುಭವ ಅದೇ. ಆದರೆ ಪಕ್ಕದಲ್ಲಿದ್ದವರು ನಾಳೆ ಸಂಬಳ ಕೊಡುವವರು. ಈ ಕೆಲಸದ ಕಷ್ಟವೆಲ್ಲ ಅಲ್ಲೇ ಇದೆ. ಉಳಿದದ್ದನ್ನು ಕಾಗದದ ಮೇಲೆ ಬಗೆಹರಿಸಬಹುದು.

ಮೊದಲು ಗೆಳೆಯರ ಮಾತು. ಕಾರಿನ ಡ್ರೈವರ್‌ಗೆ "ಇವತ್ತು ಹೋಗೋದು ಬೇಡ" ಅನ್ನುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ಪೈಲಟ್‌ಗೆ ಕೊಟ್ಟಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಹಾರಾಟದ ನಿಯಮಗಳಿರುವ ತನ್ನ ಅನೆಕ್ಸ್ (ಅನುಬಂಧ) 2ರಲ್ಲಿ ಎರಡು ಮಾತು ಹೇಳುತ್ತದೆ. ಪೈಲಟ್-ಇನ್-ಕಮಾಂಡ್, ಅಂದರೆ ಕ್ಯಾಪ್ಟನ್, ಆದವರು ಕಂಟ್ರೋಲ್ ಹಿಡಿದಿರಲಿ, ಬಿಡಲಿ, ವಿಮಾನ ನಿಯಮದ ಪ್ರಕಾರ ಹಾರುವುದಕ್ಕೆ ಅವರೇ ಹೊಣೆ. ಮತ್ತು ಕಮಾಂಡ್ ಅವರ ಕೈಯಲ್ಲಿ ಇರುವಷ್ಟು ಹೊತ್ತು ಕೊನೆಯ ಮಾತು ಅವರದ್ದೇ. ಸದಸ್ಯ ದೇಶಗಳ ನಿಯಮಗಳೂ ಬಹುಪಾಲು ಇದನ್ನೇ ಹೇಳುತ್ತವೆ. ವಿಮಾನ ಯಾರ ಹೆಸರಿನಲ್ಲಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇದರಿಂದ ಹಲವು ತಪ್ಪು ನಂಬಿಕೆಗಳು ಬಿದ್ದುಹೋಗುತ್ತವೆ. ಎಡ ಸೀಟಿನಲ್ಲಿ ಕೂತವರೇ ಕ್ಯಾಪ್ಟನ್ ಅನ್ನುವುದು ಅಭ್ಯಾಸ, ನಿಯಮ ಅಲ್ಲ. ಜಾಸ್ತಿ ಗಂಟೆ ಹಾರಿದವರು ತಾನಾಗಿಯೇ ಕ್ಯಾಪ್ಟನ್ ಆಗುವುದಿಲ್ಲ. ಕಂಟ್ರೋಲ್ ಹಿಡಿದವರೂ ಆಗಬೇಕೆಂದಿಲ್ಲ. ಹೊರಡುವ ಮೊದಲು ಯಾರನ್ನು ನಿಗದಿ ಮಾಡಲಾಗಿದೆಯೋ ಅವರು ಕ್ಯಾಪ್ಟನ್. ಫ್ಲೈಟ್ ಪ್ಲಾನ್ ಫಾರಂನಲ್ಲಿ ಪೈಲಟ್-ಇನ್-ಕಮಾಂಡ್ ಹೆಸರು ಬರೆಯಲು ಒಂದು ಜಾಗ ಇದೆ. ಅಲ್ಲಿ ಬರೆಯುವುದು ಒಂದೇ ಹೆಸರು. "ನಾವಿಬ್ಬರೂ ಸೇರಿ ನೋಡ್ಕೋತೀವಿ" ಅನ್ನುವುದಕ್ಕೆ ಜಾಗ ಇಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೀವು ಇನ್‌ಸ್ಟ್ರಕ್ಟರ್. ಹಾರಾಟ ಕಲಿಸುತ್ತಿದ್ದರೆ, ಕಂಟ್ರೋಲ್ ಯಾರ ಕೈಯಲ್ಲಿದ್ದರೂ ಇನ್‌ಸ್ಟ್ರಕ್ಟರನ್ನೇ ಪೈಲಟ್-ಇನ್-ಕಮಾಂಡ್ ಎಂದು ಪರಿಗಣಿಸಿದ ತೀರ್ಪುಗಳು ಅಮೆರಿಕದಲ್ಲಿವೆ. ದಾರಿಯಲ್ಲಿ "ಹೀಗೆ ಮಾಡಿ ಸರ್, ಹಾಗೆ ಮಾಡಿ" ಎಂದು ನೀವು ಹೇಳಿಕೊಡುತ್ತಾ ಇದ್ದಿರಿ, ಕೊನೆಗೆ ಏನೋ ಅವಘಡ ಆಯಿತು ಅಂದುಕೊಳ್ಳಿ. ಅದು ಪಾಠವೋ ಪ್ರಯಾಣವೋ ಎಂದು ತನಿಖೆಯವರು ಕೇಳಿಯೇ ಕೇಳುತ್ತಾರೆ. ಆಗ ಉತ್ತರ ಹುಡುಕುವ ಹಾಗೆ ಆಗಬಾರದು. ಯಾವ ಹಾರಾಟದಲ್ಲಿ ಪಾಠ, ಯಾವುದರಲ್ಲಿ ಇಲ್ಲ ಅನ್ನುವುದು ಮೊದಲೇ ಬರಹದಲ್ಲಿರಲಿ.

ಇಬ್ಬರು ಪೈಲಟ್‌ಗಳಿದ್ದರೆ ಸುರಕ್ಷತೆ ಜಾಸ್ತಿ ಎಂದು ಎಲ್ಲರೂ ನಂಬುತ್ತಾರೆ. ಅರ್ಧ ನಿಜ. ಏರ್‌ಲೈನ್‌ನಲ್ಲಿ ಅದು ನಿಜ, ಯಾಕೆಂದರೆ ಅಲ್ಲಿ ಯಾರು ಹಾರಿಸಬೇಕು, ಯಾರು ಗಮನಿಸಬೇಕು, ಗಮನಿಸುವವರು ಯಾವಾಗ ಏನು ಹೇಳಬೇಕು ಎಲ್ಲವೂ ಅಕ್ಷರ ಅಕ್ಷರವಾಗಿ ಬರೆದಿರುತ್ತದೆ. ಒಬ್ಬರೇ ಹಾರಿಸುವ ವಿಮಾನದಲ್ಲಿ ಇಬ್ಬರು ಸುಮ್ನೆ ಕೂತರೆ ಆ ಲಾಭ ಸಿಗುವುದಿಲ್ಲ. ಇವರು ನೋಡಿರುತ್ತಾರೆ ಎಂದು ಅವರು, ಅವರು ನೋಡಿರುತ್ತಾರೆ ಎಂದು ಇವರು.

1979ರ ಆಗಸ್ಟ್ 2ರಂದು ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರ ಥರ್ಮನ್ ಮನ್ಸನ್ ತಮ್ಮ ಹೊಸ ಸೆಸ್ನಾ ಸೈಟೇಶನ್ ಜೆಟ್‌ನಲ್ಲಿ ಏಕ್ರನ್-ಕ್ಯಾಂಟನ್ ವಿಮಾನ ನಿಲ್ದಾಣದಲ್ಲಿ ಲ್ಯಾಂಡಿಂಗ್ ಅಭ್ಯಾಸ ಮಾಡುತ್ತಿದ್ದರು. ಜೊತೆಗೆ ಇನ್ನಿಬ್ಬರು ಪೈಲಟ್‌ಗಳಿದ್ದರು. ಅವರಲ್ಲೊಬ್ಬರು ಇನ್‌ಸ್ಟ್ರಕ್ಟರ್. ಫ್ಲ್ಯಾಪ್, ಅಂದರೆ ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ ರೆಕ್ಕೆಯ ಹಲಗೆ, ಇಳಿಸದೆಯೇ ವಿಮಾನ ಅಪ್ರೋಚ್‌ಗೆ, ಅಂದರೆ ಇಳಿಯುವ ದಾರಿಗೆ, ಬಂತು. ಸ್ಪೀಡ್ ಕುಸಿಯಿತು. ಪವರ್ ಕೊಡುವುದು ತಡವಾಯಿತು. ರನ್‌ವೇ ಮುಟ್ಟುವ ಮೊದಲೇ ವಿಮಾನ ನೆಲಕ್ಕೆ ಬಿತ್ತು. ಮನ್ಸನ್ ತೀರಿಕೊಂಡರು, ಉಳಿದಿಬ್ಬರು ಬದುಕಿದರು. ಚೆಕ್‌ಲಿಸ್ಟ್ ಬಳಸದೇ ಇದ್ದದ್ದು ಮತ್ತು ರೂಢಿಯ ಕ್ರಮ ಬಿಟ್ಟು ಸುತ್ತು ಹಾಕಿದ್ದು ಇದಕ್ಕೆ ಇಂಬು ಕೊಟ್ಟಿತು ಎಂದು ತನಿಖೆ ಹೇಳಿತು. ಲೈಸೆನ್ಸ್ ಇದ್ದವರು ಒಳಗೆ ಮೂವರಿದ್ದರೂ ಫ್ಲ್ಯಾಪ್ ಹಾಗೇ ಉಳಿಯಿತು.

ಇನ್ನು "ಹೋಗೋಣವಾ, ಬೇಡವಾ" ಅನ್ನುವ ತೀರ್ಮಾನ. ಹೊಸಬರೆಲ್ಲ ಹೆದರುವುದು ಮಾಲೀಕರು ಗದರಿಸಿದರೆ ಏನು ಮಾಡೋದು ಎಂದು. ಅಂಥದ್ದು ನಡೆದಿದೆ, ಇಲ್ಲ ಅನ್ನುವುದಿಲ್ಲ. 2001ರ ಮಾರ್ಚ್ 29ರಂದು ಅಮೆರಿಕದ ಆಸ್ಪೆನ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಬೆಟ್ಟದ ಬದಿಗೆ ಬಿದ್ದು 18 ಜನ ಸತ್ತರು. ಅದು ಬಾಡಿಗೆ ವಿಮಾನ. ಹೊರಡುವುದು ತಡವಾಗಿತ್ತು. ಕತ್ತಲಾದ ಮೇಲೆ ಅಲ್ಲಿ ಇಳಿಯುವ ಹಾಗಿರಲಿಲ್ಲ. ವಿಮಾನ ಬಾಡಿಗೆಗೆ ಪಡೆದವರಿಂದ ಕ್ಯಾಪ್ಟನ್ ಮೇಲೆ ಇಳಿಸಲೇಬೇಕೆಂಬ ಒತ್ತಡ ಇತ್ತು ಎಂದು ತನಿಖಾ ವರದಿ ಕಾರಣಗಳ ಪಟ್ಟಿಯಲ್ಲೇ ಬರೆಯಿತು.

ಆದರೆ ನಿಮ್ಮಂಥವರಿಗೆ ನಾನು ಯಾವಾಗಲೂ ಹೇಳುವುದು ಇನ್ನೊಂದು ಅಪಘಾತ. 2020ರ ಜನವರಿ 26ರಂದು ಅಮೆರಿಕದ ಕ್ಯಾಲಬಾಸಸ್‌ನಲ್ಲಿ ಹೆಲಿಕಾಪ್ಟರ್ ಬಿದ್ದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ 9 ಜನ ತೀರಿಕೊಂಡರು. ಪೈಲಟ್ ಮೋಡದೊಳಗೆ ಹೋಗಿ ದಿಕ್ಕು ಕಳೆದುಕೊಂಡಿದ್ದರು. ತನಿಖೆಯವರು ಹುಡುಕಿದರೂ ಪ್ರಯಾಣಿಕರ ಕಡೆಯಿಂದ ಒತ್ತಡ ಬಂದದ್ದಕ್ಕೆ ಯಾವ ಸುಳಿವೂ ಸಿಗಲಿಲ್ಲ. ಪೈಲಟ್ ತಾವೇ ತಮ್ಮ ಮೇಲೆ ಹೇರಿಕೊಂಡ ಒತ್ತಡ ಇದ್ದಿರಬಹುದು ಎಂದಿತು ವರದಿ. ಪೈಲಟ್‌ಗೂ ಬ್ರಯಂಟ್ ಅವರಿಗೂ ಒಳ್ಳೆಯ ಒಡನಾಟ ಇತ್ತು.

ನೀವು "ಮನುಷ್ಯ ತುಂಬಾ ಒಳ್ಳೆಯವರು" ಎಂದು ಬರೆದಿದ್ದೀರಿ. ಅದೇ ನನಗೆ ಸ್ವಲ್ಪ ಚಿಂತೆ. ಕೆಟ್ಟ ಮಾಲೀಕರಿಗೆ ಇಲ್ಲ ಅನ್ನುವುದು ಸುಲಭ, ಸಿಟ್ಟು ನಿಮ್ಮ ಸಹಾಯಕ್ಕೆ ಬರುತ್ತದೆ. ಮಗಳ ಮದುವೆಗೆ ಕರೆಯುವ, ಮನೆಯವರ ಆರೋಗ್ಯ ವಿಚಾರಿಸುವ ಮಾಲೀಕರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಅವರು ಕೇಳುವ ಮೊದಲೇ "ಆಗುತ್ತೆ ಸರ್" ಎಂದಿರುತ್ತೇವೆ.

ಹಾರಿಸಬಲ್ಲ ಮಾಲೀಕರು ಹಾರಿಸಲು ಬಾರದ ಮಾಲೀಕರಿಗಿಂತ ಭಿನ್ನ. ಒಂದು ಕಡೆ ಇದು ಅನುಕೂಲ. ಹವಾಮಾನದ ರಿಪೋರ್ಟ್ ತೋರಿಸಿದರೆ ಅರ್ಥವಾಗುತ್ತದೆ. ಐಸ್ ಅಂದರೆ ಏನು, ಅಡ್ಡಗಾಳಿ ಅಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಇನ್ನೊಂದು ಕಡೆ, ವಾದ ಮಾಡುವಷ್ಟು ಅವರಿಗೆ ಗೊತ್ತಿರುತ್ತದೆ. "ಹೋದ ತಿಂಗಳು ಇದಕ್ಕಿಂತ ಕೆಟ್ಟ ದಿನ ಹೋಗಿದ್ವಲ್ಲ" ಅಂತಾರೆ. ಜೊತೆಗೆ, ರಿಸ್ಕ್ ತೆಗೆದುಕೊಂಡು, ಅಡ್ಡಿಗಳನ್ನು ತಳ್ಳಿಕೊಂಡು ಮುಂದೆ ಬಂದವರು ಅವರು. ವ್ಯಾಪಾರದಲ್ಲಿ ಗೆಲ್ಲಿಸಿದ ಸ್ವಭಾವವನ್ನು ಕಾಕ್‌ಪಿಟ್ ಬಾಗಿಲಲ್ಲಿ ಬಿಟ್ಟು ಬನ್ನಿ ಅಂದರೆ ಯಾರಿಗೂ ಆಗುವ ಕೆಲಸ ಅಲ್ಲ.

ಹಾಗಾಗಿ "ಬೇಡ" ಅನ್ನುವ ಮಾತನ್ನು ಅದು ಬೇಕಾಗುವ ದಿನಕ್ಕಿಂತ ಬಹಳ ಮೊದಲೇ ಒಪ್ಪಿಸಿಕೊಳ್ಳಬೇಕು. ಕೆಲಸಕ್ಕೆ ಸೇರುವ ಮೊದಲು, ಹವಾಮಾನ ಚೆನ್ನಾಗಿರುವ ದಿನ, ನೆಲದ ಮೇಲೆ ಕೂತು. ನೀವು ಕೇಳಿ ಒಪ್ಪಿಸಿಕೊಳ್ಳಲೇಬೇಕು ಎಂದು ನಾನು ಹೇಳುವ ಮಾತು ಇದು: ಇಬ್ಬರಲ್ಲಿ ಯಾರಾದರೂ ಒಬ್ಬರು ಬೇಡ ಅಂದರೆ ಆ ಹಾರಾಟ ಇಲ್ಲ, ಕಾರಣ ಆಮೇಲೆ ಚರ್ಚೆ. ಅಪ್ರೋಚ್‌ನಲ್ಲಿ ಯಾರು "ಗೋ-ಅರೌಂಡ್" ಅಂದರೂ, ಹಾರಿಸುತ್ತಿರುವವರು ಮರುಮಾತಿಲ್ಲದೆ ವಿಮಾನ ಮೇಲಕ್ಕೆತ್ತಬೇಕು. ಮಾಲೀಕರಿಗೂ ಇದರಲ್ಲಿ ಲಾಭ ಇದೆ. ನೀವು ಸುಸ್ತಾಗಿ "ಆಗುತ್ತೆ" ಅಂದ ದಿನ ಅವರು "ಬೇಡ" ಅನ್ನಬಹುದು. ಹೀಗೆ ಹೇಳಿದರೆ ಬಹಳ ಮಾಲೀಕರು ಖುಷಿಯಾಗಿಯೇ ಒಪ್ಪುತ್ತಾರೆ.

ಆ ಜಾಸ್ತಿ ಸ್ಪೀಡಿನ ವಿಷಯಕ್ಕೆ ಬರುತ್ತೇನೆ. ಅಪ್ರೋಚ್ ಸರಿಯಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಎಲ್ಲರೂ ಬಳಸುವ ಗೆರೆಗಳಿವೆ. ಮೋಡದಲ್ಲಿದ್ದರೆ ನೆಲದಿಂದ 1000 ಅಡಿ, ಹೊರಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ 500 ಅಡಿ. ಅಷ್ಟರೊಳಗೆ ಸ್ಪೀಡು, ಇಳಿಯುವ ವೇಗ, ಫ್ಲ್ಯಾಪು, ಗೇರು (ಇಳಿಯುವ ಚಕ್ರಗಳು) ಎಲ್ಲವೂ ಅವುಗಳ ಮಿತಿಯಲ್ಲಿರಬೇಕು. ಇಲ್ಲದಿದ್ದರೆ ಗೋ-ಅರೌಂಡ್. ಈ ಗೆರೆಯನ್ನು ಇಬ್ಬರೂ ಮೊದಲೇ ಒಪ್ಪಿಕೊಂಡರೆ ಮಾಲೀಕರ ಹಾರಾಟ ಚೆನ್ನಾಗಿಲ್ಲ ಎಂದು ನೀವು ಹೇಳಬೇಕಾಗುವುದೇ ಇಲ್ಲ. ಸಂಖ್ಯೆ ಓದಿದರೆ ಸಾಕು. "ಸ್ಪೀಡ್, ಹದಿನೈದು ಜಾಸ್ತಿ." ದನಿಯಲ್ಲಿ ಟೀಕೆ ಬೇಡ, ಸರ್ ಕೂಡ ಬೇಡ. ಉತ್ತರ ಬರದಿದ್ದರೆ ಇನ್ನೊಮ್ಮೆ ಹೇಳಿ. ಎರಡನೇ ಸಲವೂ ಉತ್ತರ ಇಲ್ಲ, ತಿದ್ದುಪಡಿಯೂ ಇಲ್ಲ ಅಂದರೆ "ಐ ಹ್ಯಾವ್ ಕಂಟ್ರೋಲ್" ಎಂದು ಕೈಗೆ ತೆಗೆದುಕೊಳ್ಳಿ. ಎರಡು ಸಲ ಕೂಗಿದರೂ ಪ್ರತಿಕ್ರಿಯೆ ಇಲ್ಲದಿದ್ದರೆ ಎದುರಿನವರಿಗೆ ಏನೋ ಆಗಿದೆ ಎಂದೇ ಲೆಕ್ಕ ಹಾಕುವುದು ಏರ್‌ಲೈನ್‌ಗಳಲ್ಲೂ ಇರುವ ಪದ್ಧತಿ. ಇದನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಇಲ್ಲದಿದ್ದರೆ ನೆಲದ ಹತ್ತಿರ ಇಬ್ಬರೂ ಕಂಟ್ರೋಲ್ ಎಳೆದಾಡುವ ಪರಿಸ್ಥಿತಿ ಬರುತ್ತದೆ, ಅದಕ್ಕಿಂತ ಅಪಾಯ ಬೇರೆ ಇಲ್ಲ.

ಇಳಿದ ಮೇಲೆ ತಿದ್ದುವುದು ಬೇರೆ ಕಲೆ. ಅವರ ಹೆಂಡತಿ ಮಕ್ಕಳ ಮುಂದೆ, ಅತಿಥಿಗಳ ಮುಂದೆ ಒಂದು ಮಾತೂ ಬೇಡ. ಎಲ್ಲರೂ ಹೋದ ಮೇಲೆ ಇಬ್ಬರೇ ಇದ್ದಾಗ "ಇವತ್ತಿನ ಲ್ಯಾಂಡಿಂಗ್ ಹೇಗನ್ನಿಸ್ತು?" ಎಂದು ಕೇಳಿ. ಹತ್ತರಲ್ಲಿ ಎಂಟು ಸಲ ಅವರೇ ಹೇಳುತ್ತಾರೆ. ಉಳಿದ ಎರಡು ಸಲ ನೀವು ಹೇಳಿ.

ಸುಸ್ತಿನ ವಿಷಯ ಯಾರೂ ಮುಂಚೆ ಯೋಚಿಸುವುದಿಲ್ಲ. ನೀವು ಬೆಳಗ್ಗೆ ಅವರನ್ನು ಕರೆದುಕೊಂಡು ಹೋಗಿ, ಹಗಲೆಲ್ಲ ವಿಶ್ರಾಂತಿ ತೆಗೆದುಕೊಂಡಿರುತ್ತೀರಿ. ಅವರು ದಿನವಿಡೀ ಮೀಟಿಂಗ್‌ನಲ್ಲಿ ಗುದ್ದಾಡಿ, ರಾತ್ರಿ ಒಂಬತ್ತಕ್ಕೆ ವಿಮಾನ ನಿಲ್ಲಿಸಿದ ಜಾಗಕ್ಕೆ ಬಂದು, ಕೊನೆಯ ಫೋನ್ ಕಾಲ್ ಮುಗಿಸುತ್ತಾ ಎಡ ಸೀಟಿಗೆ ಹತ್ತುತ್ತಾರೆ. ತಲೆಯಲ್ಲಿ ಇನ್ನೂ ಆ ಒಪ್ಪಂದ ಓಡುತ್ತಿದೆ. ಖಾಸಗಿ ಹಾರಾಟಕ್ಕೆ ಅಮೆರಿಕವೂ ಸೇರಿ ಹಲವು ದೇಶಗಳಲ್ಲಿ ಡ್ಯೂಟಿ ಸಮಯದ ಮಿತಿಯೇ ಇಲ್ಲ. ಹಾಗಾಗಿ ಮಿತಿಯನ್ನು ನೀವೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು, ನಿಮಗೂ ಅವರಿಗೂ. ನನ್ನ ಸಲಹೆ ಹೀಗೆ: ಕೆಲಸಕ್ಕೆ ಹೋಗುವ ದಿನ ಹೋಗುವಾಗ ಅವರು ಕ್ಯಾಪ್ಟನ್, ಬರುವಾಗ ನೀವು. ಬರುವಾಗ ಅವರು ಹಿಂದಿನ ಸೀಟಿನಲ್ಲಿ ಮಲಗಲಿ. ಒಮ್ಮೆ ರುಚಿ ಹತ್ತಿದರೆ ಆಮೇಲೆ ಅವರೇ ಕೇಳುತ್ತಾರೆ.

ಇದರಿಂದ ನಿಮ್ಮ ಲಾಗ್‌ಬುಕ್ ಸಮಸ್ಯೆಯೂ ಅರ್ಧ ತೀರುತ್ತದೆ. ಒಬ್ಬರೇ ಹಾರಿಸಬಹುದಾದ ವಿಮಾನದಲ್ಲಿ ಬಲ ಸೀಟಿನಲ್ಲಿ ಕೂತ ಗಂಟೆಗಳು ತಾವಾಗಿಯೇ ಲೆಕ್ಕಕ್ಕೆ ಬರುವುದಿಲ್ಲ. ನಿಯಮದ ಪ್ರಕಾರ ಇಬ್ಬರು ಬೇಕೇಬೇಕು ಅನ್ನುವ ಹಾರಾಟವಾದರೆ ಮಾತ್ರ ಕೋ-ಪೈಲಟ್ ಗಂಟೆ. ಇನ್ಶೂರೆನ್ಸ್ ಕಂಪನಿ ಇಬ್ಬರಿರಬೇಕು ಎಂದು ಷರತ್ತು ಹಾಕಿದೆ ಅನ್ನುವುದು ಸಾಮಾನ್ಯವಾಗಿ ಸಾಲದು. ಹಾಗೆ ದೇಶದ ನಿಯಮವೇ ಕೋ-ಪೈಲಟ್ ಕೇಳಿದಾಗಲೂ, ಮೇಲಿನ ದರ್ಜೆಯ ಲೈಸೆನ್ಸ್‌ಗೆ ಬೇಕಾದ ಒಟ್ಟು ಗಂಟೆಗೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ಸೇರಿಸಿಕೊಳ್ಳುವ ಕ್ರಮ ಐಕಾವೊ ಅನೆಕ್ಸ್ 1ರಲ್ಲಿದೆ. ಮಾಲೀಕರ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಯಾವ ಬಗೆಯದು ಎಂದು ಕೇಳಿ ನೋಡಿ. ಅದರಲ್ಲಿ "ಕೋ-ಪೈಲಟ್ ಜೊತೆ ಮಾತ್ರ" ಅನ್ನುವ ಷರತ್ತು ಇದ್ದರೆ ಚಿತ್ರ ಬದಲಾಗುತ್ತದೆ, ಆಗ ನೀವು ಬೇಕೇಬೇಕು. ನಿಮ್ಮ ದೇಶದ ಲೈಸೆನ್ಸಿಂಗ್ ಕಚೇರಿಗೆ ವಿಮಾನದ ಮಾಡೆಲ್, ಇಬ್ಬರ ರೇಟಿಂಗ್ ವಿವರ ಕೊಟ್ಟು ಲಿಖಿತ ಉತ್ತರ ಪಡೆದುಕೊಳ್ಳಿ. ಮುಂದೆ ಏರ್‌ಲೈನ್ ಸಂದರ್ಶನದಲ್ಲಿ ಲಾಗ್‌ಬುಕ್ ತೆರೆದಾಗ ಅನುಮಾನದ ಗಂಟೆಗಳಿದ್ದರೆ, ಸರಿಯಾದ ಗಂಟೆಗಳ ಮೇಲೂ ಅನುಮಾನ ಬರುತ್ತದೆ.

ಗಂಟೆ ಹೋಗಲಿ, ಕೈ ತುಕ್ಕು ಹಿಡಿಯಬಾರದು. ಟೇಕಾಫ್, ಲ್ಯಾಂಡಿಂಗ್ ಎಲ್ಲ ಅವರೇ ಮಾಡುತ್ತಿದ್ದರೆ, ಅವರಿಗೆ ಹುಷಾರಿಲ್ಲದ ಒಂದು ರಾತ್ರಿ ನೀವು ತಿಂಗಳುಗಟ್ಟಲೆ ಮುಟ್ಟದ ವಿಮಾನವನ್ನು ಬಲ ಸೀಟಿನಿಂದ ಇಳಿಸಬೇಕಾಗುತ್ತದೆ. ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಅನ್ನುವುದು ಕನಿಷ್ಠ ನಿಯಮ. ಅಷ್ಟರಿಂದಲೇ ಕೈ ಪಳಗುವುದಿಲ್ಲ. ಪ್ರಯಾಣಿಕರಿಲ್ಲದ ಖಾಲಿ ಹಾರಾಟಗಳೆಲ್ಲ ನಿಮ್ಮದು ಎಂದು ಕೇಳಿ ಪಡೆದುಕೊಳ್ಳಿ. ಬಲ ಸೀಟಿನಿಂದ ಇಳಿಸುವ ಅಭ್ಯಾಸವೂ ಅಲ್ಲೇ ಆಗಲಿ.

ಸಿಮ್ಯುಲೇಟರ್‌ಗೆ ವರ್ಷಕ್ಕೊಮ್ಮೆಯಾದರೂ ಇಬ್ಬರೂ ಒಟ್ಟಿಗೆ ಹೋಗಿ. ಇದಕ್ಕೆ ಕಾರಣ ಇದೆ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ-4 ಒಂದು ರನ್‌ವೇ ದಾಟಿ ಹೋಗಿ 7 ಜನ ಸತ್ತರು. ವಿಮಾನ ನಿಂತಿರುವಾಗ ಕಂಟ್ರೋಲ್‌ಗಳಿಗೆ ಹಾಕುವ ಗಸ್ಟ್ ಲಾಕ್ ತೆಗೆದೇ ಇರಲಿಲ್ಲ. ಟೇಕಾಫ್‌ಗೆ ಮೊದಲು ಕಂಟ್ರೋಲ್ ಅಲ್ಲಾಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ರೆಕಾರ್ಡರ್ ತೆಗೆದು ನೋಡಿದಾಗ, ಹಿಂದಿನ 175 ಟೇಕಾಫ್‌ಗಳಲ್ಲಿ ಆ ಪರೀಕ್ಷೆಯನ್ನು ಪೂರ್ತಿಯಾಗಿ ಮಾಡಿದ್ದು ಎರಡೇ ಸಲ. ಇಬ್ಬರೂ ಅನುಭವಿಗಳು, ವರ್ಷಗಟ್ಟಲೆ ಒಟ್ಟಿಗೇ ಹಾರಿದವರು. ಹೊರಗಿನವರ ಕಣ್ಣು ಬೀಳದ ಸಣ್ಣ ಜೋಡಿಯಲ್ಲಿ ಒಂದೊಂದೇ ಹೆಜ್ಜೆ ಬಿಟ್ಟುಹೋಗುತ್ತದೆ, ಬಿಟ್ಟದ್ದೇ ರೂಢಿಯಾಗುತ್ತದೆ. ನೀವಿಬ್ಬರೂ ಅಂಥದ್ದೇ ಜೋಡಿ ಆಗಲಿದ್ದೀರಿ. ಮೂರನೆಯವರೊಬ್ಬರು ಆಗಾಗ ನೋಡಬೇಕು.

ಇನ್ಶೂರೆನ್ಸ್ ಪತ್ರ ಕೇಳಲು ನಾಚಿಕೆ ಬೇಡ. ಪಾಲಿಸಿಯಲ್ಲಿ ಯಾವ ಪೈಲಟ್‌ಗಳ ಹೆಸರಿದೆ, ಎಷ್ಟು ಗಂಟೆ ಅನುಭವ ಇರಬೇಕು ಎಂದಿದೆ, ಅದರಲ್ಲಿ ನೀವು ಬರುತ್ತೀರಾ ನೋಡಿ. ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಯವರು ಮಾಲೀಕರಿಗೆ ಹಣ ಕೊಟ್ಟು, ಆಮೇಲೆ "ತಪ್ಪು ಪೈಲಟ್‌ದು" ಎಂದು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಆ ಹಕ್ಕನ್ನು ನಿಮ್ಮ ವಿರುದ್ಧ ಬಳಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆಸಬಹುದು. ನಿಮ್ಮನ್ನೂ ವಿಮೆಯ ರಕ್ಷಣೆ ಇರುವವರ ಪಟ್ಟಿಗೆ ಸೇರಿಸಬಹುದು. ಮಾಲೀಕರ ಏಜೆಂಟ್‌ಗೆ ಇದು ಒಂದು ಇಮೇಲ್‌ನ ಕೆಲಸ.

ಮಾಲೀಕರ ಗೆಳೆಯರು "ನಮ್ಮನ್ನೂ ಕರ್ಕೊಂಡು ಹೋಗಿ, ಖರ್ಚು ಕೊಡ್ತೀವಿ" ಅನ್ನುವ ದಿನ ಬಂದೇ ಬರುತ್ತದೆ. ಹಣ ಪಡೆದು ಜನರನ್ನು ಒಯ್ಯಲು ಬೇರೆಯೇ ಪರವಾನಗಿ ಬೇಕು. ಅದಿಲ್ಲದೆ ಹಾರಿದರೆ ವಿಮೆಯೂ ಕೈಕೊಡಬಹುದು. 2019ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇಂಗ್ಲಿಷ್ ಕಾಲುವೆಯಲ್ಲಿ ತೀರಿಕೊಂಡದ್ದು ಇಂಥದ್ದೇ ಹಾರಾಟದಲ್ಲಿ. ಆ ಪೈಲಟ್ ಲೈಸೆನ್ಸ್‌ನಲ್ಲಿ ಹಣಕ್ಕೆ ಹಾರಿಸುವ ಅವಕಾಶವೇ ಇರಲಿಲ್ಲ. ಹಾರಾಟ ಏರ್ಪಡಿಸಿದವರಿಗೆ 2021ರಲ್ಲಿ 18 ತಿಂಗಳ ಜೈಲು ಶಿಕ್ಷೆಯಾಯಿತು. ಇಲ್ಲಿ ಸ್ನೇಹ ನೋಡಬೇಡಿ.

ಹಾರಾಟ ಬಿಟ್ಟು ಬೇರೆ ಕೆಲಸವೂ ಬೇಕಾದಷ್ಟಿದೆ. 28 ದಿನಕ್ಕೊಮ್ಮೆ ನ್ಯಾವಿಗೇಶನ್ ಡೇಟಾ ಅಪ್‌ಡೇಟ್, ಸರ್ವಿಸ್ ತಾರೀಖುಗಳು, ಹ್ಯಾಂಗರ್, ಇಂಧನ, ಪರ್ಮಿಟ್‌ಗಳು, ಕ್ಯಾಬಿನ್ ಸ್ವಚ್ಛತೆ. ಏರ್‌ಲೈನ್‌ನಲ್ಲಿ ಹತ್ತಾರು ಜನ ಮಾಡುವುದು ಇಲ್ಲಿ ನಿಮ್ಮ ಒಬ್ಬರ ತಲೆಗೆ. ಇದನ್ನು ಕೀಳು ಎಂದುಕೊಂಡರೆ ಈ ಕೆಲಸ ನಿಮಗಲ್ಲ. ವಿಮಾನವನ್ನು ಒಳಹೊಕ್ಕು ತಿಳಿದುಕೊಳ್ಳುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಭದ್ರತೆ ಮಾತ್ರ ಕಡಿಮೆ. ಅವರು ವಿಮಾನ ಮಾರಿದ ದಿನ ನಿಮ್ಮ ಕೆಲಸವೂ ಹೋಯಿತು. ಎಷ್ಟು ತಿಂಗಳ ನೋಟಿಸ್ ಎಂದು ಬರೆಸಿಕೊಳ್ಳಿ. ಟೈಪ್ ರೇಟಿಂಗ್ ಖರ್ಚು ಅವರು ಕೊಟ್ಟು, ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಬಾಂಡ್ ಕೇಳಿದರೆ ಒಪ್ಪಬಹುದು. ಆದರೆ ಸುರಕ್ಷತೆಯ ಕಾರಣಕ್ಕೆ ನೀವು ಬಿಟ್ಟರೆ, ಅಥವಾ ಅವರೇ ವಿಮಾನ ಮಾರಿದರೆ, ಬಾಂಡ್ ರದ್ದು ಅನ್ನುವ ಸಾಲು ಅದರಲ್ಲಿರಲಿ.

ಈಗ ಏನು ಮಾಡಬೇಕು? ಮೊದಲು, ಹಿಂದೆ ಅಲ್ಲಿ ಕೆಲಸ ಮಾಡಿದ ಪೈಲಟ್ ಯಾರು ಎಂದು ಕೇಳಿ, ಅವರ ಜೊತೆ ಮಾತಾಡಿ. ಯಾಕೆ ಬಿಟ್ಟರು ಅನ್ನುವುದರಲ್ಲಿ ಬಹಳ ಉತ್ತರ ಸಿಗುತ್ತದೆ. ವಿಮಾನದ ಟೆಕ್ ಲಾಗ್, ಅಂದರೆ ದೋಷ, ರಿಪೇರಿ ಬರೆಯುವ ಪುಸ್ತಕ, ತಿರುವಿ ಹಾಕಿ. ವರ್ಷವಿಡೀ ಒಂದೂ ದೋಷ ಬರೆದಿಲ್ಲ ಅಂದರೆ ವಿಮಾನ ಅಷ್ಟು ಚೆನ್ನಾಗಿದೆ ಎಂದು ನಂಬಬೇಡಿ, ಬರೆಯಲು ಯಾರೋ ಬಿಟ್ಟಿಲ್ಲ ಎಂದು ಅನುಮಾನಪಡಿ. ಆಮೇಲೆ ಮಾಲೀಕರ ಜೊತೆ ಒಂದು ಗಂಟೆ ಕೂತು, ಎರಡು ಪುಟದಲ್ಲಿ ಎಲ್ಲ ಬರೆದುಕೊಳ್ಳಿ: ಯಾವ ಹಾರಾಟಕ್ಕೆ ಯಾರು ಕ್ಯಾಪ್ಟನ್, ಯಾರ "ಬೇಡ" ಹೇಗೆ ನಡೆಯುತ್ತದೆ, ಅಪ್ರೋಚ್ ಗೆರೆ, ಡ್ಯೂಟಿ ಮಿತಿ, ತರಬೇತಿ, ವಿಮೆ. ಇಬ್ಬರೂ ಸಹಿ ಹಾಕಿ. ಅವರು ಒಂದೆರಡು ಅಂಕಿ ಬದಲಾಯಿಸಲು ಕೇಳಿದರೆ ಅದು ಒಳ್ಳೆಯದೇ, ಓದಿದ್ದಾರೆ ಎಂದರ್ಥ. "ಇದೆಲ್ಲ ಯಾಕ್ರೀ, ನಮ್ಮಲ್ಲಿ ನಂಬಿಕೆ ಇಲ್ವಾ?" ಎಂದು ಪಕ್ಕಕ್ಕಿಟ್ಟರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ ನೋಡಿ. ಆಗಲೂ ಅದೇ ಮಾತಾದರೆ ಫ್ಲೈಯಿಂಗ್ ಸ್ಕೂಲಿನ ಕೆಲಸ ಬಿಡಬೇಡಿ.